ಹಾಡು ಕೇಳಿ ಇಂಗ್ಲಿಷ್ ಪಳಗಿಸಿಕೊಳ್ಳಿ: ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಹೊಸದಾಗಿ ಬಂದವರಿಗೆ

ನಮಗೆ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಓದುತ್ತೇವೆ, ಬರೆಯುತ್ತೇವೆ, ಆಫೀಸಿನ ಮೇಲ್‌ಗೂ ಜವಾಬು ಕೊಡುತ್ತೇವೆ. ಆದರೆ ಕಾಫಿ ಅಂಗಡಿಯ ಹುಡುಗಿ ‘ವಾಟ್ ಕೆನೈ ಗೆಚ್ಯು’ (ವಾಟ್ ಕೆನ್ ಐ ಗೆಟ್ ಯು, ಅಂದರೆ ಏನು ಕೊಡಲಿ) ಎಂದರೆ ಪಿಳಿಪಿಳಿ ನೋಡುತ್ತೇವೆ. ಫೋನಿನಲ್ಲಾದರೆ ಇನ್ನೂ ಕಷ್ಟ. ‘ಸಾರಿ? ಸಾರಿ?’ ಅಂತ ಎರಡು ಸಲ ಕೇಳಿ, ಮೂರನೇ ಸಲ ಸುಮ್ನೆ ‘ಯೆಸ್’ ಅಂದುಬಿಡುತ್ತೇವೆ. ಹಾಗೆ ಯೆಸ್ ಅಂದು ಬೇಡದ ಇನ್ಶೂರೆನ್ಸ್ ಕಟ್ಟಿದವರು ನಮ್ಮ ಕನ್ನಡ ಕೂಟದಲ್ಲೇ ಇದ್ದಾರೆ.

ನಾವು ಇಂಗ್ಲಿಷನ್ನು ಕಣ್ಣಿನಲ್ಲಿ ಕಲಿತವರು. ಕಿವಿ ಪಳಗಿಲ್ಲ. ಅದಕ್ಕೆ ಹಾಡು.

ತಾಳ ಹಾಕಿ ನೋಡಿ

ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಗುತ್ತದೆ. ಇಂಗ್ಲಿಷಿನಲ್ಲಿ ಮುಖ್ಯ ಪದಗಳ ಮೇಲೆ ಒತ್ತು ಬೀಳುತ್ತದೆ, ನಡುವಿನ ಚಿಲ್ಲರೆ ಪದಗಳನ್ನು ನುಂಗಿಬಿಡುತ್ತಾರೆ. ತೊಡೆ ತಟ್ಟುತ್ತಾ ಹೇಳಿ: ‘ಕಿಡ್ಸ್ ಡ್ರಿಂಕ್ ಮಿಲ್ಕ್’. ಮೂರು ಪೆಟ್ಟು. ಈಗ ‘ದ ಕಿಡ್ಸ್ ಆರ್ ಡ್ರಿಂಕಿಂಗ್ ದ ಮಿಲ್ಕ್’. ಇದಕ್ಕೂ ಅದೇ ಮೂರು ಪೆಟ್ಟು. ‘ದ’, ‘ಆರ್’ ಎಲ್ಲವನ್ನೂ ಬಾಯಿ ತುಂಬ ಹೇಳಿದಿರೋ, ತಾಳ ತಪ್ಪಿತು. ‘ಮಿಲ್ಕು’, ‘ಬಸ್ಸು’ ಎಂದು ಕೊನೆಗೊಂದು ಉಕಾರ ಸೇರಿಸುವ ನಮ್ಮ ಅಭ್ಯಾಸಕ್ಕೂ ಹಾಡಿನಲ್ಲಿ ಜಾಗ ಸಾಲುವುದಿಲ್ಲ.

ನ್ಯೂಯಾರ್ಕಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕೆರೊಲಿನ್ ಗ್ರಹಾಂ 1978ರಲ್ಲಿ ‘ಜಾಸ್ ಚಾಂಟ್ಸ್’ ಎಂಬ ಪುಸ್ತಕ ತಂದರು. ದಿನದ ಮಾತುಗಳನ್ನೇ ಜಾಸ್ ಲಯಕ್ಕೆ ಕೂರಿಸಿ ಹೇಳಿಸುವುದು. ರಾಗ ಬೇಕಿಲ್ಲ, ಲಯ ಸಾಕು. ಹಾಡಲು ನಾಚುವ ಗಂಡಸರು ಇಲ್ಲಿಂದ ಶುರು ಮಾಡಬಹುದು. ಇನ್ನು ಆದಿತಾಳ ಹಾಕಿ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಇದೇನು ಮಹಾ!

ಒಂದು ವಾರ, ಒಂದೇ ಹಾಡು

ಸಾಹಿತ್ಯ ನೋಡದೆ ಕೇಳಿ. ಕೇಳಿಸಿದ್ದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಹಿಡಿಯಲು ನಮ್ಮ ಲಿಪಿ ಬಲು ಚೆನ್ನ. ಆಮೇಲೆ ಸಾಹಿತ್ಯವನ್ನು ಪಕ್ಕದಲ್ಲಿಟ್ಟುಕೊಳ್ಳಿ. ನೀವು ‘ಲೆಮ್ಮಿ’ ಎಂದು ಬರೆದದ್ದು ‘ಲೆಟ್ ಮಿ’ ಆಗಿರುತ್ತದೆ. ‘ವಾಡರ್’ ಅಂದದ್ದು ‘ವಾಟರ್’. ಎಲ್ಲೆಲ್ಲಿ ತಾಳೆ ಆಗಲಿಲ್ಲವೋ ಅಲ್ಲಿಗೆ ಗುರುತು ಹಾಕಿ, ಆ ಸಾಲನ್ನೇ ಮತ್ತೆ ಮತ್ತೆ ಹಾಡಿ. ಯೂಟ್ಯೂಬಿನಲ್ಲಿ ವೇಗ 0.75ಕ್ಕೆ ಇಳಿಸಬಹುದು.

- ಮೊದಲಿಗೆ: ಕಾರ್ಪೆಂಟರ್ಸ್ ಎಂಬ ಅಮೆರಿಕದ ಗಾಯಕ ಜೋಡಿಯ ತರಹದ ನಿಧಾನದ, ಸ್ಪಷ್ಟ ಹಾಡುಗಳು
- ಆಮೇಲೆ: ಕಥೆ ಹೇಳುವ ಕಂಟ್ರಿ ಹಾಡುಗಳು
- ಸದ್ಯಕ್ಕೆ ಬೇಡ: ರಾಪ್

ಲೈಬ್ರರಿಯ ಸ್ಟೋರಿಟೈಮ್

ಪುಟ್ಟ ಮಕ್ಕಳಿಗೆ ಕಥೆ ಓದಿ, ಹಾಡು ಹಾಡಿಸುವ ಕಾರ್ಯಕ್ರಮ ಇದು. ಸನ್ನಿವೇಲ್, ಫ್ರೀಮಾಂಟ್, ಕ್ಯುಪರ್ಟಿನೊ, ಎಲ್ಲ ಕಡೆ ಉಂಟು, ದುಡ್ಡು ಕೊಡಬೇಕಿಲ್ಲ. ಮಕ್ಕಳಿಗೆ ಅಂತ ಇರುವುದು ನಿಜ, ಆದರೆ ಜಾಸ್ತಿ ಲಾಭ ದೊಡ್ಡವರಿಗೇ. ಶುರುವಿನ ಹಾಡು, ಮುಗಿಸುವ ಹಾಡು ಸಾಮಾನ್ಯವಾಗಿ ಪ್ರತಿ ವಾರ ಅದೇ ಇರುತ್ತದೆ. ಕೈಕಾಲು ಆಡಿಸುತ್ತಾ ಹಾಡುವುದರಿಂದ ಅರ್ಥ ತಾನಾಗಿ ತಿಳಿಯುತ್ತದೆ. ಊರಿಂದ ಬಂದಿರುವ ಅಜ್ಜ ಅಜ್ಜಿಯನ್ನೂ ಕರೆದುಕೊಂಡು ಹೋಗಿ.

ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮವರು ಮಗುವನ್ನು ಮುಂದೆ ಕೂರಿಸಿ, ತಾವು ಹಿಂದೆ ಗೋಡೆಗೊರಗಿ ಫೋನ್ ನೋಡುತ್ತಾರೆ. ಬೇರೆ ಅಮ್ಮಂದಿರೆಲ್ಲ ಚಪ್ಪಾಳೆ ತಟ್ಟಿ ಹಾಡುತ್ತಿರುತ್ತಾರೆ. ನೀವೂ ಹಾಡಿ. ಯಾರೂ ನಗುವುದಿಲ್ಲ.

ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ

‘ಮಗುವಿಗೆ ಗೊಂದಲ ಆಗುತ್ತೆ, ಮನೆಯಲ್ಲೂ ಇಂಗ್ಲಿಷೇ ಆಡಿ’ ಎನ್ನುವವರು ಸಿಕ್ಕೇ ಸಿಗುತ್ತಾರೆ. ನಮಗೂ ಹೇಳಿದ್ದರು. ಕಿವಿಗೆ ಹಾಕಿಕೊಳ್ಳಬೇಡಿ. ಹಾಗೆ ನಿಲ್ಲಿಸಿದ ಮನೆಗಳ ಮಕ್ಕಳು ಈಗ ಊರಿಂದ ಅಜ್ಜಿ ಫೋನ್ ಮಾಡಿದರೆ ‘ಹಾಯ್’ ಅಂದು ಓಡಿಹೋಗುತ್ತಾರೆ. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗೆ ಸೇರಿಸುವಾಗ ಮನೆಮಾತು ಯಾವುದು ಎಂದು ಒಂದು ಫಾರ್ಮಿನಲ್ಲಿ ಕೇಳುತ್ತಾರೆ. ಕನ್ನಡ ಎಂದೇ ಬರೆಯಿರಿ, ಮುಚ್ಚಿಡುವುದು ಯಾಕೆ? ಆಗ 30 ದಿನದೊಳಗೆ ‘ಎಲ್‌ಪ್ಯಾಕ್’ ಪರೀಕ್ಷೆ ಮಾಡುತ್ತಾರೆ. ಅದು ಇಂಗ್ಲಿಷಿಗೆ ಹೆಚ್ಚಿನ ಸಹಾಯ ಬೇಕೇ ಎಂದು ನೋಡುವುದಕ್ಕೆ, ದಡ್ಡ ಜಾಣ ಅಂತ ತೂಗುವುದಕ್ಕಲ್ಲ. ಇಂಗ್ಲಿಷ್ ಹಾಡು ಲೈಬ್ರರಿಯಲ್ಲಿ, ಕಾರಿನಲ್ಲಿ ಇರಲಿ. ಮಲಗುವ ಹೊತ್ತಿಗೆ ರಾಜರತ್ನಂ ಪದ್ಯ ಇದ್ದೇ ಇದೆಯಲ್ವಾ?

ಎಚ್ಚರಿಕೆ

- ವ್ಯಾಕರಣ ಹಾಡಿನಿಂದ ಕಲಿಯಬೇಡಿ. ‘ಶಿ ಡೋಂಟ್’, ‘ಏಂಟ್’ ಎಲ್ಲ ಹಾಡಿಗೆ ಸರಿ, ಇಂಟರ್‌ವ್ಯೂಗೆ ಅಲ್ಲ.
- ಆ್ಯಪಿನಲ್ಲಿ ಹಾಡಿನ ಹೆಸರಿನ ಪಕ್ಕ ಪುಟ್ಟ ಚೌಕದೊಳಗೆ ಇಂಗ್ಲಿಷಿನ ‘ಇ’ ಅಕ್ಷರ ಇದ್ದರೆ ಅದರಲ್ಲಿ ಕೆಟ್ಟ ಮಾತು ಇದೆ ಎಂದರ್ಥ. ಕೂಟದ ಪಿಕ್ನಿಕ್‌ಗೆ ಹಾಡಿನ ಪಟ್ಟಿ ಕಳಿಸುವವರು ಪೂರ್ತಿ ಕೇಳಿಯೇ ಕಳಿಸಿ. ಬೀಟ್ ಚೆನ್ನಾಗಿದೆ ಅಂತ ಹಾಕಿ ಹಿರಿಯರೆದುರು ಪೇಚಿಗೆ ಸಿಕ್ಕಿದ್ದು ಒಂದು ಸಲ ಸಾಕು.