ಪ್ರೋಗ್ರಾಂ ಓಡುವಾಗಲೇ ತಪ್ಪು ಹಿಡಿಯುವುದು: ನನ್ನ ಅನುಭವ

ನಮ್ಮದು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಹಳೇ ಸರ್ವರ್. ಯಾವಾಗಲೋ ಒಮ್ಮೆ ಕ್ರ್ಯಾಶ್ ಆಗುತ್ತಿತ್ತು. ಲಾಗ್ ನೋಡಿದರೆ ಪ್ರತಿ ಸಲವೂ ಬೇರೆ ಜಾಗ. ಡಿಬಗ್ಗರ್ ಹಾಕಿ ಕೂತರೆ ಏನೂ ಆಗುತ್ತಿರಲಿಲ್ಲ. ಹೀಗಾದಾಗ ಮೊದಲು ಮೆಮೊರಿ ಮೇಲೆಯೇ ಅನುಮಾನ ಬರಬೇಕು.

ಮೆಮೊರಿ ತಪ್ಪು ಹುಡುಕುವ ವಾಲ್‌ಗ್ರಿಂಡ್ ಎಂಬ ಟೂಲ್‌ನಲ್ಲಿ ಓಡಿಸಿದರೆ ಎಲ್ಲ ಎಷ್ಟು ನಿಧಾನವಾಯಿತೆಂದರೆ ಕನೆಕ್ಷನ್‌ಗಳು ಟೈಮ್‌ಔಟ್ ಆಗತೊಡಗಿದವು. ಹಾಗಾಗಿ ಅದೇ ಕೆಲಸದ ಇನ್ನೊಂದು ಟೂಲ್, ಅಡ್ರೆಸ್ ಸ್ಯಾನಿಟೈಜರ್ ಹಿಡಿದೆ. ಗೂಗಲ್‌ನವರು ಮಾಡಿದ್ದು, ಕ್ಲ್ಯಾಂಗ್, ಜಿಸಿಸಿ ಎರಡೂ ಕಂಪೈಲರ್‌ಗಳಲ್ಲಿ ಇದೆ. ಒಂದು ಫ್ಲ್ಯಾಗ್ ಕೊಟ್ಟು ಮತ್ತೆ ಬಿಲ್ಡ್ ಮಾಡಿದರೆ ಸಾಕು. ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅದನ್ನು ತಡೆದುಕೊಳ್ಳಬಹುದು.

ಇದು ಕೆಲಸ ಮಾಡುವ ರೀತಿ ನನಗೆ ತುಂಬಾ ಇಷ್ಟ. ಪ್ರೋಗ್ರಾಂನ ಪ್ರತಿ 8 ಬೈಟ್‌ಗೆ 1 ಬೈಟ್ ಲೆಕ್ಕ ಬೇರೆ ಕಡೆ ಇಟ್ಟಿರುತ್ತದೆ: ಇಲ್ಲಿ ಮುಟ್ಟಬಹುದಾ, ಬೇಡವಾ ಅಂತ. ಮೆಮೊರಿ ಓದುವ, ಬರೆಯುವ ಮುಂಚೆ ಆ ಲೆಕ್ಕ ನೋಡುವ ಕೋಡನ್ನು ಕಂಪೈಲರ್ ತಾನೇ ಸೇರಿಸುತ್ತದೆ. ಫ್ರೀ ಮಾಡಿದ ಮೆಮೊರಿಯನ್ನು ತಕ್ಷಣ ಬೇರೆಯವರಿಗೆ ಕೊಡದೆ ಸ್ವಲ್ಪ ಹೊತ್ತು ಪಕ್ಕಕ್ಕೆ ಇಡುತ್ತದೆ. ಆ ಜಾಗದ ವಿಳಾಸ ಇಟ್ಟುಕೊಂಡ ಹಳೇ ಪಾಯಿಂಟರ್ ಅಲ್ಲಿಗೆ ಕೈ ಹಾಕಿದರೆ ಅಲ್ಲೇ ಸಿಕ್ಕಿಬೀಳುತ್ತದೆ.

ನಮ್ಮದೂ ಹಾಗೇ ಸಿಕ್ಕಿತು. ಒಂದು ವೆಕ್ಟರ್‌ನ (ಬೇಕಾದಂತೆ ಬೆಳೆಯುವ ಪಟ್ಟಿ) ಮೊದಲ ಎಲಿಮೆಂಟ್‌ಗೆ ರೆಫರೆನ್ಸ್ ತೆಗೆದುಕೊಂಡು, ಆಮೇಲೆ ಅದೇ ವೆಕ್ಟರ್‌ಗೆ ಪುಶ್ ಬ್ಯಾಕ್ ಮಾಡಿದ್ದ, ಅಂದರೆ ಕೊನೆಗೆ ಹೊಸದೊಂದನ್ನು ಸೇರಿಸಿದ್ದ ಕೋಡ್. ವೆಕ್ಟರ್‌ನಲ್ಲಿ ಜಾಗ ಇರುವವರೆಗೂ ಸಮಸ್ಯೆಯಿಲ್ಲ. ಜಾಗ ತುಂಬಿದರೆ ಇಡೀ ಡೇಟಾ ಬೇರೆ ಕಡೆ ಹೋಗುತ್ತದೆ, ರೆಫರೆನ್ಸ್ ಮಾತ್ರ ಹಳೇ ಜಾಗವನ್ನೇ ತೋರಿಸುತ್ತಿರುತ್ತದೆ. ರಿಪೋರ್ಟ್‌ನಲ್ಲಿ ಮೂರು ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ಇದ್ದವು: ಈಗ ಎಲ್ಲಿ ಓದಿದ್ದು, ಯಾರು ಫ್ರೀ ಮಾಡಿದ್ದು, ಮೊದಲು ಎಲ್ಲಿ ಅಲೊಕೇಟ್ ಆಗಿದ್ದು. ಮೂರನ್ನೂ ಒಟ್ಟಿಗೆ ಓದಿದರೆ ಕಥೆಯೆಲ್ಲ ಗೊತ್ತಾಗುತ್ತದೆ.

ಆದರೂ ಒಂದು ಮಾಡ್ಯೂಲ್‌ನಲ್ಲಿ ಏನೂ ಸಿಗುತ್ತಿರಲಿಲ್ಲ. ಅದಕ್ಕೆ ತನ್ನದೇ ಮೆಮೊರಿ ಪೂಲ್ ಇತ್ತು. ದೊಡ್ಡ ಬ್ಲಾಕ್ ಒಂದನ್ನು ಒಮ್ಮೆ ತೆಗೆದುಕೊಂಡು ಒಳಗೊಳಗೇ ಹಂಚುತ್ತಿತ್ತು. ಸ್ಯಾನಿಟೈಜರ್ ಕಣ್ಣಿಗೆ ಅದೆಲ್ಲ ಒಂದೇ ಬ್ಲಾಕ್. ಪೂಲ್‌ಗೆ ವಾಪಸ್ ಬಂದ ತುಂಡನ್ನು 'ಮುಟ್ಟಬೇಡ' ಅಂತ ಗುರುತು ಮಾಡುವ ಮ್ಯಾಕ್ರೊ ಇದೆ. ಅದನ್ನು ಪೂಲ್‌ನ ಕೋಡ್‌ಗೆ ಸೇರಿಸಿದ ಮೇಲೆ ಅಲ್ಲಿನ ತಪ್ಪುಗಳೂ ಹೊರಬಂದವು. ನಿಮ್ಮಲ್ಲೂ ಸ್ವಂತ ಪೂಲ್ ಇದ್ದರೆ ಇದನ್ನು ದಯವಿಟ್ಟು ಬಿಡಬೇಡಿ.

ಇನ್ನೊಂದು ವಿಷಯ. ಓಡದ ಕೋಡ್‌ನಲ್ಲಿರುವ ತಪ್ಪು ಇದಕ್ಕೆ ಕಾಣುವುದೇ ಇಲ್ಲ. 2014ರಲ್ಲಿ ಎನ್‌ಕ್ರಿಪ್ಷನ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಎಂಬ ತಪ್ಪು ನೆನಪಿದೆಯಲ್ವಾ? ಕಳಿಸಿದ್ದಕ್ಕಿಂತ ಜಾಸ್ತಿ ಉದ್ದ ಹೇಳಿಕೊಳ್ಳುವ ಸಂದೇಶ ಬಂದಾಗ ಮಾತ್ರ ಅದು ಹೊರಬೀಳುತ್ತಿತ್ತು. ಸರಿಯಾದ ಇನ್‌ಪುಟ್ ಎಷ್ಟು ಕೊಟ್ಟರೂ ಪ್ರಯೋಜನವಿಲ್ಲ. ಅದಕ್ಕೇ ನಾವು ಪಾರ್ಸರ್‌ಗಳಿಗೆ (ಬಂದ ಡೇಟಾವನ್ನು ಓದಿ ಬಿಡಿಸುವ ಕೋಡ್) ಲಿಬ್‌ಫಜ್ಜರ್ ಎಂಬ ಟೂಲ್ ಜೋಡಿಸಿದೆವು. ಅಡ್ಡಾದಿಡ್ಡಿ ಇನ್‌ಪುಟ್ ಕೊಡುವ ಕೆಲಸ ಅದರದ್ದು, ಕಾವಲು ಸ್ಯಾನಿಟೈಜರ್‌ದ್ದು.

ಈಗ ದಿನಾ ರಾತ್ರಿ ಎಲ್ಲ ಟೆಸ್ಟ್‌ಗಳೂ ಈ ಬಿಲ್ಡ್‌ನಲ್ಲೇ ಓಡುತ್ತವೆ. ಥ್ರೆಡ್‌ಗಳ ರೇಸ್, ಅಂದರೆ ಎರಡು ಥ್ರೆಡ್ ಒಂದೇ ಡೇಟಾಗೆ ಒಟ್ಟಿಗೆ ಕೈ ಹಾಕುವ ತಪ್ಪು ಹಿಡಿಯಲು ಥ್ರೆಡ್ ಸ್ಯಾನಿಟೈಜರ್ ಬೇಕು. ಎರಡೂ ಒಂದೇ ಬಿಲ್ಡ್‌ನಲ್ಲಿ ಸೇರುವುದಿಲ್ಲ, ಅದಕ್ಕೆ ಬೇರೆ ಬಿಲ್ಡ್ ಇಟ್ಟಿದ್ದೇವೆ. ಗ್ರಾಹಕರಿಗೆ ಹೋಗುವ ಬಿಲ್ಡ್‌ನಲ್ಲಿ ಎರಡೂ ಇರುವುದಿಲ್ಲ.