82, 72, 24: ನನ್ನ ಪ್ರೊಸೆಸರ್ ನಿಜವಾಗಿ ಎಷ್ಟು ಬಿಸಿ?

ಮೇ ತಿಂಗಳು, ಮದುವೆಗಳ ಕಾಲ. ಕದ್ರಿಯ ನನ್ನ ಬಾಡಿಗೆ ಕೋಣೆಗೆ ಎಸಿ ಇಲ್ಲ. ಮಧ್ಯಾಹ್ನ ಗೋಡೆಯ ಉಷ್ಣಮಾಪಕ 33 ಡಿಗ್ರಿ ತೋರಿಸುತ್ತಿತ್ತು. ಮಂಗಳೂರಿನ ಆ ಸೆಕೆಯಲ್ಲಿ ಮದುವೆಯ ವಿಡಿಯೋ ರೆಂಡರ್ ಮಾಡಲು, ಅಂದರೆ ಸಂಕಲನ ಮುಗಿದದ್ದನ್ನು ಅಂತಿಮ ಫೈಲಾಗಿ ಹೊರತೆಗೆಯಲು, ಕುಳಿತರೆ, ಕಂಪ್ಯೂಟರಿನ ಫ್ಯಾನ್ ಹಾಕುವ ಬೊಬ್ಬೆಗೆ ಹೆಡ್‌ಫೋನಿನೊಳಗಿನ ವಾಲಗವೂ ಸರಿಯಾಗಿ ಕೇಳುತ್ತಿರಲಿಲ್ಲ. ಪ್ರೊಸೆಸರಿನ ಬಿಸಿ ನೋಡೋಣವೆಂದು ಒಂದು ತಂತ್ರಾಂಶ ಹಾಕಿದೆ: 82. ನಂಬಿಕೆ ಬರದೆ ಇನ್ನೊಂದು ಹಾಕಿದೆ: 72. ಮೂರನೆಯದು 24 ಎಂದಿತು. ಅಂಗಡಿಗೆ ಫೋನ್ ಮಾಡಿದರೆ, ಅವರು 82ನ್ನು ಮಾತ್ರ ಕೇಳಿಸಿಕೊಂಡು ಪ್ರೊಸೆಸರನ್ನು ತಣಿಸುವ ಹೊಸ ಕೂಲರ್ ಹಾಕಿಸಿ ಎಂದರು.

ಮೊದಲು ಸಿಕ್ಕಿಬಿದ್ದದ್ದು 24. ಕೋಣೆಯ ಗಾಳಿಯಿಂದ ತಣಿಯುವ ಪ್ರೊಸೆಸರ್ ಆ ಗಾಳಿಗಿಂತಲೂ ತಣ್ಣಗಿರಲು ಅದೇನು ನೀರು ಒಸರುವ ಮಣ್ಣಿನ ಹೂಜಿಯೇ? ರೆಂಡರ್ ಶುರು ಮಾಡಿದರೂ ನಿಲ್ಲಿಸಿದರೂ ಆ ಅಂಕಿ ಕದಲಲಿಲ್ಲ. ಅದು ಪ್ರೊಸೆಸರಿನಿಂದಲ್ಲ, ಎಲ್ಲ ಭಾಗಗಳನ್ನೂ ಜೋಡಿಸುವ ಮದರ್‌ಬೋರ್ಡಿನ ನಿಗಾ ಚಿಪ್ಪಿನಿಂದ ಬಂದದ್ದು. ಅಂಥ ಚಿಪ್ಪಿಗೆ ಬಿಸಿ ಅಳೆಯುವ ಹಲವು ಸಂವೇದಕಗಳನ್ನು ಜೋಡಿಸಬಹುದು. ಬೋರ್ಡ್ ತಯಾರಕರು ಕೆಲವನ್ನು ಖಾಲಿ ಬಿಟ್ಟಿರುತ್ತಾರೆ. ಖಾಲಿ ಜಾಗವೂ ಏನೋ ಒಂದು ಅಂಕಿ ಕೊಡುತ್ತದೆ, ತಂತ್ರಾಂಶ ಅದಕ್ಕೆ ಊಹೆಯ ಮೇಲೆ ಹೆಸರಿಡುತ್ತದೆ.

82 ಮತ್ತು 72ರ ಜಗಳ ಬಗೆಹರಿಯಲು ಎರಡು ದಿನ ಬೇಕಾಯಿತು. ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಕೆಲಸವಿಲ್ಲದಾಗ 51 ಮತ್ತು 41, ಅರ್ಧ ಕೆಲಸದಲ್ಲಿ 68 ಮತ್ತು 58. ಪ್ರತಿ ತಂತ್ರಾಂಶವೂ ತನ್ನದೇ ಹೊತ್ತಿಗೆ ಓದುವುದರಿಂದ ಒಮ್ಮೊಮ್ಮೆ ಒಂದೆರಡು ಡಿಗ್ರಿ ಆಚೀಚೆ, ಉಳಿದಂತೆ ಅಂತರ ಹತ್ತೇ. ಬೇರೆ ಬೇರೆ ಜಾಗದ ಸಂವೇದಕಗಳಾಗಿದ್ದರೆ ಬಿಸಿ ಏರಿದಂತೆ ಅಂತರವೂ ಬದಲಾಗಬೇಕಿತ್ತು. ಇದು ಯಾರೋ ಕೂಡಿಸಿದ ಹತ್ತು!

ಕೂಡಿಸಿದ್ದು ಪ್ರೊಸೆಸರ್ ತಯಾರಿಸಿದ ಎಎಂಡಿ ಕಂಪನಿಯೇ. ನನ್ನದು ರೈಜನ್ 7 2700ಎಕ್ಸ್. ಅದು ‘ಟಿಸಿಟಿಎಲ್’ ಎಂಬ ಅಂಕಿಯನ್ನು ನಿಜವಾದ ಬಿಸಿಗಿಂತ, ಅಂದರೆ ‘ಟಿಡೈ’ಗಿಂತ, 10 ಡಿಗ್ರಿ ಹೆಚ್ಚಾಗಿ ಹೇಳುತ್ತದೆ. 2017ರ 1700ಎಕ್ಸ್, 1800ಎಕ್ಸ್‌ಗಳಲ್ಲಿ ಈ ಹೆಚ್ಚುವರಿ 20 ಇತ್ತು. ಎಕ್ಸ್ ಇಲ್ಲದ 1700ರಲ್ಲಿ ಇರಲೇ ಇಲ್ಲ. ಬೇರೆ ಬೇರೆ ಪ್ರೊಸೆಸರುಗಳಿಗೂ ಫ್ಯಾನ್ ಒಂದೇ ನಿಯಮದಲ್ಲಿ ಓಡಲಿ ಎಂಬುದು ಎಎಂಡಿ ಕೊಟ್ಟ ಕಾರಣ. ಹೆಚ್‌ಡಬ್ಲ್ಯೂಇನ್‌ಫೋ ಎಂಬ ತಂತ್ರಾಂಶದಲ್ಲಿ ಎರಡೂ ಅಂಕಿಗಳು ಒಂದರ ಕೆಳಗೊಂದು ಕಾಣುತ್ತವೆ. ಮೊದಲೇ ಅದನ್ನು ತೆರೆದಿದ್ದರೆ ನೋಟ್‌ಬುಕ್ಕೇ ಬೇಕಿರಲಿಲ್ಲ.

ತಂಗಿಯ ಇಂಟೆಲ್ ಲ್ಯಾಪ್‌ಟಾಪಿನ ಲೆಕ್ಕ ಬೇರೆ. ಅಲ್ಲಿ ಸಂವೇದಕ ಹೇಳುವುದು ಗರಿಷ್ಠ ಮಿತಿಗೆ ಇನ್ನೆಷ್ಟು ಡಿಗ್ರಿ ಬಾಕಿ ಎಂಬುದನ್ನು. ಮಿತಿ 100, ಬಾಕಿ 38 ಎಂದಾದರೆ ತಂತ್ರಾಂಶ ಕಳೆದು 62 ಎಂದು ತೋರಿಸುತ್ತದೆ. ಹಳೆಯ ಪ್ರೊಸೆಸರುಗಳಲ್ಲಿ ಆ ಮಿತಿಯನ್ನೇ ತಪ್ಪಾಗಿ ಊಹಿಸಿದ ತಂತ್ರಾಂಶಗಳೂ ಇದ್ದವು.

ನನ್ನ ಪ್ರೊಸೆಸರಿನ ಮಿತಿ 85. 72ಕ್ಕೆ ಹೊಸ ಕೂಲರ್ ಬೇಕಿಲ್ಲ. ಆದರೆ ನನ್ನ ಬೋರ್ಡು ಫ್ಯಾನನ್ನು ಓಡಿಸುತ್ತಿದ್ದದ್ದು 82ನ್ನು ನೋಡಿ. ಬೋರ್ಡಿನ ಸೆಟ್ಟಿಂಗುಗಳಿರುವ ಬಯಾಸ್‌ಗೆ ಹೋಗಿ, ಎಷ್ಟು ಬಿಸಿಗೆ ಫ್ಯಾನ್ ಎಷ್ಟು ಜೋರಾಗಿ ಓಡಬೇಕೆಂದು ಹೇಳುವ ಗೆರೆಯ ಪ್ರತಿಯೊಂದು ಬಿಂದುವನ್ನೂ ಹತ್ತು ಡಿಗ್ರಿ ಆಚೆಗೆ ಸರಿಸಿದೆ. ರೆಂಡರ್ ಮಾಡುವಾಗ ಟಿಡೈ 76ಕ್ಕೆ ಏರಿತು, ಅದಕ್ಕಿಂತ ಮೇಲೆ ಹೋಗಲಿಲ್ಲ. ವಾಲಗ ಕೇಳತೊಡಗಿತು, ಅದರ ಜೊತೆಗೆ, ಮಂಟಪದ ಹಿಂದೆ ಯಾರೋ ಊಟದ ಸಾಲಿನ ಬಗ್ಗೆ ಗೊಣಗಿದ್ದೂ.