ಕುಳಿತು ಓಡಿಸುವ ಮೋವರ್‌ಗೆ ಏರೇಟರ್ ಮತ್ತು ಸ್ಪ್ರೆಡರ್: ಎರೆಮಣ್ಣಿನ ಲಾನ್‌ಗೆ ಹೊಂದಿಸುವ ಕ್ರಮ

ಬೇಸಿಗೆ ಮುಗಿಯುವ ಹೊತ್ತಿಗೆ ವಿಜಯಪುರ, ಬಾಗಲಕೋಟೆ ಕಡೆಯ ಕಾಲೇಜು ಆವರಣಗಳಲ್ಲಿಯೂ ಕಲ್ಯಾಣ ಮಂಟಪಗಳ ಮುಂದಿನ ಹುಲ್ಲುಹಾಸುಗಳಲ್ಲಿಯೂ ಅಲ್ಲಲ್ಲಿ ಬೋಳು ಬಿದ್ದಿರುವುದನ್ನು ಕಾಣುತ್ತೇವೆ. ನೀರು ಸಾಲದೆ ಹೀಗಾಯಿತೆಂದು ಇನ್ನಷ್ಟು ನೀರು ಬಿಡುವುದು ರೂಢಿ. ಆದರೆ ಏಪ್ರಿಲ್, ಮೇ ತಿಂಗಳ ಮದುವೆಗಳ ಕಾಲದಲ್ಲಿ ಕುರ್ಚಿಗಳು, ಜನರ ಓಡಾಟ, ಶಾಮಿಯಾನದ ಸಾಮಾನು ಇಳಿಸುವ ಟೆಂಪೊಗಳ ಭಾರ ಎಲ್ಲವೂ ಸೇರಿ ಮೇಲಿನ ಕೆಲವು ಸೆಂಟಿಮೀಟರ್ ಮಣ್ಣನ್ನು ಅದುಮಿಬಿಟ್ಟಿರುತ್ತವೆ. ಅಂಥ ನೆಲದ ಮೇಲೆ ಬಿಟ್ಟ ನೀರು ಕೆಳಗಿಳಿಯದೆ ಹರಿದುಹೋಗುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ, ಎರಚಿದ ಗೊಬ್ಬರವೂ ಮೇಲೆಯೇ ಉಳಿಯುತ್ತದೆ. ಮಣ್ಣಿನಲ್ಲಿ ತೂತು ತೆಗೆದು, ಆ ತೂತುಗಳ ಮೂಲಕ ಗೊಬ್ಬರವನ್ನೂ ನೀರನ್ನೂ ಬೇರಿನ ಮಟ್ಟಕ್ಕೆ ಇಳಿಸುವುದೇ ಇದಕ್ಕೆ ಪರಿಹಾರ. ಒಂದೆರಡು ಗುಂಟೆಯ ಜಾಗವಾದರೆ ಕೈ ಸಲಕರಣೆ ಸಾಕು. ಅರ್ಧ ಎಕರೆ ಮೀರಿದ ಕಡೆ, ಹುಲ್ಲು ಕತ್ತರಿಸಲು ಈಗಾಗಲೇ ಇರುವ ರೈಡಿಂಗ್ ಮೋವರ್‌ನ ಹಿಂದೆ ತೂತು ತೆಗೆಯುವ ಏರೇಟರ್ ಮತ್ತು ಗೊಬ್ಬರ ಎರಚುವ ಸ್ಪ್ರೆಡರ್ ಎಂಬ ಎರಡು ಉಪಕರಣಗಳನ್ನು ಒಂದರ ನಂತರ ಒಂದರಂತೆ ಕಟ್ಟಿ ಈ ಕೆಲಸವನ್ನು ಮಾಡಿಕೊಳ್ಳಬಹುದು.

ಉಪಕರಣಗಳ ಬಗ್ಗೆ ಹೇಳುವ ಮೊದಲು ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಎರೆಭೂಮಿಯಲ್ಲಿ ಈ ಕೆಲಸ ಫಲಿಸುವುದು ಅಥವಾ ಕೆಡುವುದು ಯಂತ್ರದ ಬೆಲೆಯಿಂದಲ್ಲ, ಮಣ್ಣಿನ ಹದದಿಂದ. ಒಕ್ಕಲುತನ ಬಲ್ಲವರಿಗೆ ಇದು ಹೊಸದಲ್ಲ. ಆದರೆ ಲಾನ್ ನೋಡಿಕೊಳ್ಳುವ ಕೆಲಸದಲ್ಲಿ ಹದಕ್ಕಿಂತ ಕ್ಯಾಲೆಂಡರ್ ನೋಡಿ ಯಂತ್ರ ಇಳಿಸುವುದೇ ಹೆಚ್ಚು.

ಮೊದಲು ಮೋವರ್‌ನ ಶಕ್ತಿ ಮತ್ತು ಹಿಚ್

ಏರೇಟರ್ ಮತ್ತು ಸ್ಪ್ರೆಡರ್ ಎರಡೂ ಹಿಂದೆ ಎಳೆಯುವ ಉಪಕರಣಗಳು. ಆದ್ದರಿಂದ ಮೋವರ್ ಎಷ್ಟು ಭಾರವನ್ನು ಎಳೆಯಬಹುದೆಂದು ಅದರ ಕೈಪಿಡಿಯಲ್ಲಿ ಮೊದಲು ನೋಡಿಕೊಳ್ಳಬೇಕು. ಎಂಜಿನ್‌ನ ಅಶ್ವಶಕ್ತಿಯನ್ನು ಮಾತ್ರ ನೋಡಿ ನಿರ್ಧರಿಸುವುದು ಸರಿಯಲ್ಲ. ಬಹುತೇಕ ರೈಡಿಂಗ್ ಮೋವರ್‌ಗಳಲ್ಲಿರುವ, ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ಹೈಡ್ರೋಸ್ಟ್ಯಾಟಿಕ್ ಗೇರ್ ಬಾಕ್ಸ್ ಹುಲ್ಲು ಕತ್ತರಿಸುವ ಹಗುರ ಕೆಲಸಕ್ಕೆ ಮಾಡಿದ್ದು. ಏರು ನೆಲದಲ್ಲಿ ಭಾರ ಎಳೆಸಿದರೆ ಅದರ ಎಣ್ಣೆ ಕಾಯ್ದು ಶಕ್ತಿ ಕುಗ್ಗುತ್ತದೆ, ಹಾಗೆಯೇ ಮುಂದುವರಿಸಿದರೆ ಗೇರ್ ಬಾಕ್ಸ್ ಬೇಗ ಸವೆಯುತ್ತದೆ. ಎರಡು ಹಿಡಿಕೆಗಳಿಂದ ತಿರುಗಿಸುವ ಝೀರೋ ಟರ್ನ್ ಮೋವರ್ ಇರುವವರು ಇನ್ನೂ ಎಚ್ಚರ ವಹಿಸಬೇಕು. ಅದು ನಿಂತಲ್ಲೇ ತಿರುಗುವುದರಿಂದ ಹಿಂದಿನ ಉಪಕರಣದ ದಂಡಿಗೆ (ಎಳೆಯುವ ಸರಳು) ಚಕ್ರಕ್ಕೆ ಬಡಿದು ಬಾಗುತ್ತದೆ. ಅಂಥ ಯಂತ್ರದಲ್ಲಿ ತಿರುವುಗಳನ್ನು ಅಗಲವಾಗಿಯೇ ತೆಗೆದುಕೊಳ್ಳಬೇಕು.

ಹೆಚ್ಚಿನ ಮೋವರ್‌ಗಳ ಹಿಂಭಾಗದಲ್ಲಿ ತೂತಿರುವ ಒಂದು ಪಟ್ಟಿ ಇರುತ್ತದೆ, ಅದೇ ಹಿಚ್. ಉಪಕರಣದ ದಂಡಿಗೆಯ ಕವೆಯನ್ನು ಆ ಪಟ್ಟಿಗೆ ಹೊಂದಿಸಿ, ತೂತಿಗೆ ಸರಿಯಾಗುವ ಪಿನ್ ಹಾಕಿ, ಪಿನ್ ಹಾರದಂತೆ ಕೆಳಗೆ ಕ್ಲಿಪ್ ಹಾಕಬೇಕು. ಪಿನ್ ಬದಲು ಸಿಕ್ಕ ಬೋಲ್ಟನ್ನೋ ಕಬ್ಬಿಣದ ಸರಳಿನ ತುಂಡನ್ನೋ ತುರುಕುವ ಅಭ್ಯಾಸವನ್ನು ಬಿಡಬೇಕು. ತೂತಿಗಿಂತ ಸಣ್ಣದಾದ ಪಿನ್ ಎಳೆತದಲ್ಲಿ ಅಲುಗಾಡಿ ತೂತನ್ನೇ ಹಿಗ್ಗಿಸುತ್ತದೆ. ಹಿಚ್ ಇಲ್ಲದ ಮಾದರಿಗಳಿಗೆ ಕಂಪನಿಯ ಕಿಟ್ ಸಿಗದಿದ್ದರೆ ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶದ ಯಾವುದಾದರೂ ಫ್ಯಾಬ್ರಿಕೇಷನ್ ವರ್ಕ್‌ಶಾಪಿನಲ್ಲಿ 6 ರಿಂದ 8 ಮಿಲಿಮೀಟರ್ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿನಿಂದ ಅದನ್ನು ಮಾಡಿಸಿಕೊಳ್ಳಬಹುದು. ಫೌಂಡ್ರಿ ಮತ್ತು ಯಂತ್ರಭಾಗಗಳ ಕೆಲಸದಲ್ಲಿ ಕೈ ಪಳಗಿದ ಆ ಭಾಗದ ಕುಶಲಕರ್ಮಿಗಳಿಗೆ ಇದು ಸಣ್ಣ ಕೆಲಸವೇ ಸರಿ. ಆದರೆ ಪ್ಲೇಟನ್ನು ಮೋವರ್‌ನ ಚಾಸಿಯಲ್ಲಿ (ಮೂಲ ಚೌಕಟ್ಟಿನಲ್ಲಿ) ಮೊದಲೇ ಇರುವ ತೂತುಗಳಿಗೆ ಬೋಲ್ಟ್ ಮಾಡಿಸಬೇಕೇ ಹೊರತು ಚಾಸಿಗೆ ಅಥವಾ ಗೇರ್ ಬಾಕ್ಸಿನ ಹೊದಿಕೆಗೆ ವೆಲ್ಡಿಂಗ್ ಮಾಡಿಸಬಾರದು. ಪ್ಲೇಟಿಗೆ ವೆಲ್ಡಿಂಗ್ ಬೇಕಾದರೆ ಅದನ್ನು ಯಂತ್ರದಿಂದ ಬಿಚ್ಚಿದ ಮೇಲೆಯೇ ಮಾಡಿಸಬೇಕು.

ಜೋಡಿಸಿದ ಮೇಲೆ ಸಮತಟ್ಟಾದ ಕಾಂಕ್ರೀಟ್ ಮೇಲೆ ನಿಲ್ಲಿಸಿ ಪಕ್ಕದಿಂದ ನೋಡಬೇಕು. ಉಪಕರಣದ ಚೌಕಟ್ಟು ನೆಲಕ್ಕೆ ಸಮಾನಾಂತರವಾಗಿರಬೇಕು. ಮೂತಿ ಮೇಲೆದ್ದರೆ ಅಥವಾ ಬಗ್ಗಿದರೆ ಏರೇಟರ್‌ನ ಹಲ್ಲುಗಳು ಓರೆಯಾಗಿ ಇಳಿದು ಹುಲ್ಲನ್ನು ಹರಿಯುತ್ತವೆ.

ಯಾವ ಏರೇಟರ್

ಏರೇಟರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚೂಪು ಮೊಳೆಗಳಿರುವ ಉರುಳೆಯದು ಒಂದು, ಟೊಳ್ಳು ಕೊಳವೆಯಂಥ ಹಲ್ಲುಗಳಿರುವುದು ಇನ್ನೊಂದು. ಮೊಳೆಯದು ಅಗ್ಗ, ಹಗುರ, ಎಳೆಯುವುದೂ ಸುಲಭ. ಆದರೆ ಅದು ಮಣ್ಣನ್ನು ತೆಗೆಯುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ. ಜಿಗುಟು ಎರೆಮಣ್ಣಿನಲ್ಲಿ ಹಾಗೆ ತಳ್ಳಿದ ಮಣ್ಣು ತೂತಿನ ಸುತ್ತ ಇನ್ನಷ್ಟು ಬಿಗಿಯಾಗುತ್ತದೆ. ಕೊಳವೆ ಹಲ್ಲಿನ ಏರೇಟರ್ 5 ರಿಂದ 7 ಸೆಂಟಿಮೀಟರ್ ಉದ್ದದ ಮಣ್ಣಿನ ತುಂಡುಗಳನ್ನು ಕಿತ್ತು ಮೇಲೆ ಹಾಕುತ್ತದೆ, ಮಣ್ಣಿಗೆ ಸಡಿಲಾಗಲು ಜಾಗವಾಗುತ್ತದೆ. ವಿಜಯಪುರ, ಬಾಗಲಕೋಟೆಯ ಎರೆಭೂಮಿಗೆ ಕೊಳವೆ ಹಲ್ಲಿನದನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬೆಳಗಾವಿ, ಖಾನಾಪುರ ಕಡೆಯ ಕೆಂಪು ಮಣ್ಣಿನಲ್ಲಿ ಮೊಳೆಯದು ಒಂದಿಷ್ಟು ಕೆಲಸ ಮಾಡೀತು, ಆದರೂ ಕೊಳವೆಯದೇ ಮೇಲು. ಮೊಳೆ ಉರುಳೆಯ ಮೇಲೆ ಗೊಬ್ಬರದ ಪೆಟ್ಟಿಗೆ ಕೂರಿಸಿದ, ಎರಡೂ ಕೆಲಸವನ್ನು ಒಂದೇ ಓಟದಲ್ಲಿ ಮಾಡುವ ಉಪಕರಣಗಳೂ ಮಾರುಕಟ್ಟೆಯಲ್ಲಿವೆ. ಎರೆಮಣ್ಣಿಗೆ ಅವುಗಳ ಮೊಳೆ ಆಳಕ್ಕಿಳಿಯುವುದಿಲ್ಲವಾದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಕೊಳ್ಳುವುದೇ ಲೇಸು.

ಕೊಳವೆ ಏರೇಟರ್‌ನ ಮೇಲ್ಭಾಗದಲ್ಲಿ ಭಾರ ಹೇರಲು ಒಂದು ತಟ್ಟೆ ಇರುತ್ತದೆ. ಹೊಲದಲ್ಲಿ ಕುಂಟೆ ಆಳಕ್ಕಿಳಿಯಲೆಂದು ಅದರ ಮೇಲೆ ಕಲ್ಲು ಹೇರುವಂತೆಯೇ ಇಲ್ಲಿಯೂ ಕಾಂಕ್ರೀಟ್ ಬ್ಲಾಕ್ ಅಥವಾ ಮರಳಿನ ಚೀಲಗಳನ್ನು ಹೇರಬೇಕು. ಕೈಪಿಡಿಯಲ್ಲಿ ಹೇಳಿದ ಮಿತಿಯನ್ನು ಮೀರದೆ, ಮೊದಲು ಅರ್ಧ ಭಾರ ಹಾಕಿ ಹತ್ತು ಹೆಜ್ಜೆ ಓಡಿಸಿ, ತೂತಿನ ಆಳ ಅಳೆದು, ಬೇಕಾದಷ್ಟೇ ಹೆಚ್ಚಿಸಬೇಕು. ಹೇರಿದ ಭಾರವನ್ನು ಹಗ್ಗದಿಂದ ಕಟ್ಟಬೇಕು. ಭಾರಕ್ಕೆಂದು ಅದರ ಮೇಲೆ ಮನುಷ್ಯರನ್ನು, ಅದರಲ್ಲೂ ಮಕ್ಕಳನ್ನು, ಎಂದಿಗೂ ಕೂರಿಸಬಾರದು.

ಹದ ನೋಡುವುದು

ಎರೆಮಣ್ಣು ಒಣಗಿದಾಗ ಕಲ್ಲಿನಷ್ಟು ಗಡುಸಾಗಿ ಬಿರುಕು ಬಿಡುತ್ತದೆ, ನೆನೆದಾಗ ಉಬ್ಬಿ ಅಂಟುತ್ತದೆ. ಗಡುಸು ನೆಲದಲ್ಲಿ ಎಷ್ಟೇ ಭಾರ ಹೇರಿದರೂ ಹಲ್ಲುಗಳು ಮೇಲೆಯೇ ಕುಪ್ಪಳಿಸುತ್ತವೆ. ಕೆಸರು ನೆಲದಲ್ಲಿ ಕೊಳವೆಗಳು ತುಂಬಿ ಕಟ್ಟಿಕೊಂಡು, ತೂತಿನ ಗೋಡೆಗಳು ಮೆತ್ತಿದಂತೆ ನುಣುಪಾಗಿ, ಅವುಗಳ ಮೂಲಕ ನೀರಾಗಲಿ ಬೇರಾಗಲಿ ಹಾಯದಂತಾಗುತ್ತದೆ. ಇವೆರಡರ ನಡುವಿನ ಹದ ಒಂದೆರಡು ದಿನ ಮಾತ್ರ ಇರುತ್ತದೆ. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಇನ್ನೂ ಹೆಚ್ಚು ಕಾಲಾವಕಾಶ ಸಿಗುತ್ತದೆ, ಎರೆಯಲ್ಲಿ ಸಿಗುವುದಿಲ್ಲ.

ಹದ ಗುರುತಿಸಲು ಬೆರಳುದ್ದ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಅದುಮಬೇಕು. ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿದಾಗ ಪುಡಿಯಾಗಿ ಒಡೆದರೆ ಹದ ಬಂದಿದೆ. ಒತ್ತಿದಾಗ ಒಡೆಯದೆ ಪಟ್ಟಿಯಂತೆ ಉದ್ದಕ್ಕೆ ಜಾರಿ ಬೆರಳಿಗೆ ಅಂಟಿದರೆ ಕಾಯಬೇಕು. ಉಂಡೆಯೇ ಕಟ್ಟದಿದ್ದರೆ ನೀರು ಬಿಟ್ಟು ಮತ್ತೆ ನೋಡಬೇಕು. ಉದ್ದನೆಯ ಸ್ಕ್ರೂಡ್ರೈವರ್ ಅನ್ನು ಕೈಯಿಂದ ಒತ್ತಿದರೆ ಹೆಚ್ಚು ಕಷ್ಟವಿಲ್ಲದೆ ಇಳಿಯುವುದು ಇನ್ನೊಂದು ಗುರುತು. ಮೊದಲ ಸಾಲಿನಲ್ಲಿ ಹೊರಬಂದ ತುಂಡುಗಳನ್ನು ಕೈಗೆತ್ತಿಕೊಂಡು ನೋಡುವುದನ್ನೂ ಮರೆಯಬಾರದು. ಅವು ಇಡಿಯಾಗಿ ಬಂದು ಬೆರಳಿನಲ್ಲಿ ಉದುರಿದರೆ ಕೆಲಸ ಮುಂದುವರಿಸಬಹುದು, ಅಂಟಂಟಾಗಿ ಕೊಳವೆಯಲ್ಲಿಯೇ ಉಳಿದರೆ ಆ ದಿನದ ಮಟ್ಟಿಗೆ ನಿಲ್ಲಿಸಬೇಕು.

ನಮ್ಮಲ್ಲಿ ಬೆಳೆಸುವ ಗರಿಕೆ ಮತ್ತು ಮೆಕ್ಸಿಕನ್ ಗ್ರಾಸ್ ಎರಡೂ ಬಿಸಿಲಿನ ನಾಡಿನ ಹುಲ್ಲುಗಳು. ಚುರುಕಾಗಿ ಬೆಳೆಯುವ ಕಾಲದಲ್ಲಿ ತೂತು ತೆಗೆದರೆ ಗಾಯ ಬೇಗ ಮುಚ್ಚುತ್ತದೆ. ಆದ್ದರಿಂದ ಮುಂಗಾರಿನ ಮೊದಲ ಮಳೆಗಳು ಬಿದ್ದು ನೆಲ ಹದಗೊಂಡ ಜೂನ್ ತಿಂಗಳು ಸೂಕ್ತ. ಬೆಳಗಾವಿಯಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಳೆ ಬಿಡುವು ಕೊಡುವುದು ಕಡಿಮೆಯಾದ್ದರಿಂದ ಜೂನ್ ಆರಂಭವನ್ನು ಕಳೆದುಕೊಳ್ಳಬಾರದು. ವಿಜಯಪುರ, ಬಾಗಲಕೋಟೆಗಳಲ್ಲಿ ಸೆಪ್ಟೆಂಬರ್ ಮಳೆಯೇ ಜೋರಾಗಿರುವುದರಿಂದ ಅಲ್ಲಿ ಜೂನ್ ತಪ್ಪಿದರೂ ನೀರು ಬಿಟ್ಟು ಹದ ಮಾಡಿಕೊಳ್ಳಲು ಸಮಯವಿರುತ್ತದೆ.

ಓಡಿಸುವ ಬಗೆ

ಹಿಂದಿನ ದಿನವೇ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ, ಕಲ್ಲು ಆಯ್ದು, ಸ್ಪ್ರಿಂಕ್ಲರ್ ತಲೆಗಳು, ನೀರಿನ ಪೈಪು, ದೀಪದ ಕೇಬಲ್ ಹಾದ ಜಾಗಗಳಿಗೆ ಸಣ್ಣ ಬಾವುಟ ನೆಡಬೇಕು. ಮೋವರ್‌ನ ಬ್ಲೇಡ್ ಸ್ವಿಚ್ ಬಂದ್ ಇರಲಿ, ಬ್ಲೇಡಿನ ಡೆಕ್ ಪೂರ್ತಿ ಮೇಲಿರಲಿ. ಗಂಟೆಗೆ 4–5 ಕಿಲೋಮೀಟರ್, ಅಂದರೆ ಮನುಷ್ಯ ನಡೆಯುವ ವೇಗದಲ್ಲಿ ನೇರವಾಗಿ ಓಡಿಸಬೇಕು. ವೇಗ ಹೆಚ್ಚಿದಂತೆ ತೂತಿನ ಆಳ ಕಡಿಮೆಯಾಗುತ್ತದೆ. ತಿರುವಿನಲ್ಲಿಯೂ, ಕಲ್ಲುಹಾಸು ದಾಟುವಾಗಲೂ, ಹಿಂದಕ್ಕೆ ಬರುವಾಗಲೂ ಲಿವರ್ ಎಳೆದು ಹಲ್ಲುಗಳನ್ನು ಎತ್ತಲೇಬೇಕು. ಇಳಿಬಿಟ್ಟು ತಿರುಗಿಸಿದರೆ ಹುಲ್ಲು ಬುಡಸಮೇತ ಕಿತ್ತು ಬರುತ್ತದೆ, ಹಲ್ಲುಗಳೂ ಬಾಗುತ್ತವೆ. ಕಡಿದಾದ ಇಳಿಜಾರಿನಲ್ಲಿ ಈ ಭಾರ ಕಟ್ಟಿಕೊಂಡು ಹೋಗುವುದು ಅಪಾಯ, ಅಲ್ಲಿ ಕೈಯಿಂದಲೇ ತೂತು ತೆಗೆಯಬೇಕು.

ಒಂದು ಓಟದಲ್ಲಿ ಬೀಳುವ ತೂತುಗಳು ವಿರಳ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಓಡಿಸಬೇಕು. ಜನರ ಓಡಾಟ ಹೆಚ್ಚಿರುವ ಬಾಗಿಲ ಎದುರಿನಲ್ಲಿಯೂ ವೇದಿಕೆಯ ಮುಂದೆಯೂ ಮೂರನೆಯ ಓಟ ಬೇಕಾಗುತ್ತದೆ. ಹೊರಬಿದ್ದ ಮಣ್ಣಿನ ತುಂಡುಗಳನ್ನು ಗುಡಿಸಿ ತೆಗೆಯುವ ಅಗತ್ಯವಿಲ್ಲ. ಅವು ಅರೆ ಒಣಗಿದಾಗ, ಗಡುಸಾಗುವ ಮೊದಲೇ, ಕೊರಡನ್ನೋ ಹಳೆಯ ಕಬ್ಬಿಣದ ಜಾಲರಿಯನ್ನೋ ಮೋವರ್‌ಗೆ ಕಟ್ಟಿ ಎಳೆದರೆ ಪುಡಿಯಾಗಿ ಹುಲ್ಲಿನ ಬುಡ ಸೇರುತ್ತವೆ. ನಂತರ ಜರಡಿ ಹಿಡಿದ ಎರೆಹುಳು ಗೊಬ್ಬರವನ್ನು ತೆಳುವಾಗಿ ಹರಡಿ ಪೊರಕೆಯಿಂದ ತೂತುಗಳಿಗೆ ತುಂಬುವುದು ಬಹಳ ಒಳ್ಳೆಯದು. ಹಸಿ ಸಾವಯವ ಗೊಬ್ಬರ ಸ್ಪ್ರೆಡರ್‌ನ ಬಾಯಿ ಕಟ್ಟುವುದರಿಂದ ಈ ಭಾಗವನ್ನು ಬುಟ್ಟಿಯಿಂದಲೇ ಮಾಡಬೇಕು.

ಸ್ಪ್ರೆಡರ್‌ನ ಅಳತೆ

ಏರೇಟರ್ ಬಿಚ್ಚಿ, ಅದೇ ಹಿಚ್‌ಗೆ ಸ್ಪ್ರೆಡರ್ ಕಟ್ಟಬೇಕು. ಅದರ ಚಕ್ರ ಉರುಳಿದಂತೆ ಗೇರ್ ಬಾಕ್ಸಿನ ಮೂಲಕ ಕೆಳಗಿನ ತಟ್ಟೆ ತಿರುಗಿ ಗೊಬ್ಬರದ ಕಾಳುಗಳನ್ನು ಎರಚುತ್ತದೆ. ಹೀಗಾಗಿ ಎರಡೂ ಟೈರುಗಳಲ್ಲಿ ಗಾಳಿ ಸಮವಾಗಿರಬೇಕು. ಕಾಳು ಗೊಬ್ಬರ ಮಾತ್ರ ಇದಕ್ಕೆ ಸರಿ, ನೀರಿನಲ್ಲಿ ಕರಗಿಸಿ ಕೊಡುವ 19:19:19ರಂಥ ಪುಡಿ ಸಲ್ಲದು.

ಎಷ್ಟು ಹಾಕಬೇಕೆಂಬುದನ್ನು ಕೃಷಿ ಇಲಾಖೆಯ ಮಣ್ಣು ಪರೀಕ್ಷಾ ಕೇಂದ್ರದ ವರದಿ ನೋಡಿ ನಿರ್ಧರಿಸುವುದು ಸರಿಯಾದ ಕ್ರಮ. ಲೆಕ್ಕದ ಬಗೆ ತಿಳಿಯಲು ಯೂರಿಯಾವನ್ನು ತೆಗೆದುಕೊಳ್ಳೋಣ. ಗರಿಕೆ ಹುಲ್ಲಿಗೆ ಒಂದು ಸಲಕ್ಕೆ ಚದರ ಮೀಟರಿಗೆ ಸುಮಾರು 5 ಗ್ರಾಂ ಸಾರಜನಕ ಕೊಡುವುದು ವಾಡಿಕೆ. ಯೂರಿಯಾದಲ್ಲಿ 46 ಶೇಕಡಾ ಸಾರಜನಕ ಇರುವುದರಿಂದ ಇದು ಗುಂಟೆಗೆ ಸುಮಾರು 1.1 ಕಿಲೋ, ಎಕರೆಗೆ ಹೆಚ್ಚು ಕಡಿಮೆ 45 ಕಿಲೋದ ಒಂದು ಚೀಲವಾಗುತ್ತದೆ. ಇದನ್ನು ಎರಡು ಪಾಲು ಮಾಡಿ, ಅರ್ಧವನ್ನು ಉದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ಎರಚಿದರೆ ಹುಲ್ಲಿನಲ್ಲಿ ಹಸಿರು ಪಟ್ಟೆಗಳು ಮೂಡುವುದಿಲ್ಲ. ಅಂದರೆ ಒಂದು ಓಟಕ್ಕೆ ಗುಂಟೆಗೆ ಸುಮಾರು 550 ಗ್ರಾಂ ಬೀಳುವಂತೆ ಸ್ಪ್ರೆಡರ್‌ನ ಪೆಟ್ಟಿಗೆಯಿಂದ ಗೊಬ್ಬರ ಬೀಳುವ ಬಾಗಿಲನ್ನು ಹೊಂದಿಸಬೇಕು.

ಹೊಂದಿಸುವುದಕ್ಕೆ ಮೊದಲು ಎರಚುವ ಅಗಲ ತಿಳಿಯಬೇಕು. ಗಾಳಿಯಿಲ್ಲದ ಬೆಳಿಗ್ಗೆ ಒಂದೇ ಅಳತೆಯ ತಟ್ಟೆಗಳನ್ನು ಅಡ್ಡಸಾಲಿನಲ್ಲಿ ಇಟ್ಟು, ಅವುಗಳ ನಡುವಿನಿಂದ ಸ್ಪ್ರೆಡರ್ ಓಡಿಸಿ, ಯಾವ ತಟ್ಟೆಯಲ್ಲಿ ಎಷ್ಟು ಬಿದ್ದಿದೆಯೆಂದು ನೋಡಬೇಕು. ನಡುವಿನ ತಟ್ಟೆಯಲ್ಲಿ ಬಿದ್ದುದರ ಅರ್ಧದಷ್ಟು ಗೊಬ್ಬರ ಎರಡೂ ಪಕ್ಕದ ಯಾವ ತಟ್ಟೆಗಳಲ್ಲಿ ಬಿದ್ದಿದೆಯೋ ಆ ಎರಡರ ನಡುವಣ ದೂರವೇ ಒಂದು ಸಾಲಿನಿಂದ ಮುಂದಿನ ಸಾಲಿಗೆ ಬಿಡಬೇಕಾದ ಅಂತರ. ಅದು 3 ಮೀಟರ್ ಎಂದಿಟ್ಟುಕೊಂಡರೆ 34 ಮೀಟರ್ ಓಡಿದಾಗ ಒಂದು ಗುಂಟೆ ಮುಗಿಯುತ್ತದೆ. ನಡಿಗೆಯ ವೇಗದಲ್ಲಿ ಇದಕ್ಕೆ 25 ಸೆಕೆಂಡು ಸಾಕು. ತೂಗಿದ 5 ಕಿಲೋ ಯೂರಿಯಾ ತುಂಬಿ, 34 ಮೀಟರ್ ಓಡಿಸಿ, ಉಳಿದುದನ್ನು ಮತ್ತೆ ತೂಗಿ, ಕಡಿಮೆಯಾದದ್ದು 550 ಗ್ರಾಂ ಆಗುವವರೆಗೆ ಬಾಗಿಲನ್ನು ತಿದ್ದಬೇಕು. ಪ್ರತಿ ಸಲ ಬೇರೆ ಜಾಗದಲ್ಲಿ ಓಡಿಸಬೇಕು, ಇಲ್ಲವಾದರೆ ಪರೀಕ್ಷೆ ಮಾಡಿದ ಪಟ್ಟಿಯಲ್ಲಿಯೇ ಹುಲ್ಲು ಸುಟ್ಟೀತು.

ನಿಜವಾದ ಕೆಲಸದಲ್ಲಿ ಮೊದಲು ಎರಡು ತುದಿಗಳಲ್ಲಿ ಅಡ್ಡಪಟ್ಟಿ ಎರಚಿಕೊಳ್ಳಬೇಕು. ಆಮೇಲೆ ನಡುವಿನ ಸಾಲುಗಳಲ್ಲಿ, ಯಂತ್ರ ಚಲಿಸತೊಡಗಿದ ಮೇಲೆ ಬಾಗಿಲು ತೆರೆದು, ತುದಿಪಟ್ಟಿ ಮುಟ್ಟಿದೊಡನೆ ಮುಚ್ಚಿ, ತಿರುಗಬೇಕು. ನಿಂತಲ್ಲಿ ಬಾಗಿಲು ತೆರೆದಿದ್ದರೆ ಗೊಬ್ಬರ ಒಂದೇ ಕಡೆ ರಾಶಿ ಬೀಳುತ್ತದೆ. ಹುಲ್ಲಿನ ಎಲೆಯ ಮೇಲೆ ತೇವವಿಲ್ಲದಾಗ ಎರಚಿ, ಅದೇ ದಿನ ಹಗುರವಾಗಿ ನೀರು ಕೊಡಬೇಕು. ಎರೆಮಣ್ಣು ಕ್ಷಾರೀಯವಾದ್ದರಿಂದ ಮೇಲೆಯೇ ಉಳಿದ ಯೂರಿಯಾದ ಸಾರಜನಕ ಅಮೋನಿಯ ಅನಿಲವಾಗಿ ಗಾಳಿಗೆ ಹೋಗುತ್ತದೆ. ಜೋರು ಮಳೆಯ ಮುನ್ಸೂಚನೆ ಇದ್ದ ದಿನ ಮಾತ್ರ ಎರಚಬಾರದು.

ಕೆಲಸ ಮುಗಿದ ದಿನವೇ ಸ್ಪ್ರೆಡರ್ ಅನ್ನು ಖಾಲಿ ಮಾಡಿ ತೊಳೆಯಬೇಕು. ಯೂರಿಯಾ ಗಾಳಿಯ ತೇವ ಹೀರಿ ಹೆಪ್ಪುಗಟ್ಟುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ. ಬಿಸಿಲಿನಲ್ಲಿ ಒಣಗಿಸಿ ಬಾಗಿಲಿಗೂ ಅಚ್ಚಿಗೂ ಎಣ್ಣೆ ಹಚ್ಚಿ, ಕೈಪಿಡಿ ಹೇಳಿದ ಬೇರಿಂಗುಗಳಿಗೆ ಗ್ರೀಸ್ ಹಾಕಬೇಕು. ಏರೇಟರ್‌ನ ಕೊಳವೆಗಳಲ್ಲಿ ಒಣಗಿದ ಎರೆಮಣ್ಣನ್ನು ಮರುದಿನ ತೆಗೆಯುವುದು ಕಷ್ಟ. ಹಸಿಯಿರುವಾಗಲೇ ಕಡ್ಡಿಯಿಂದ ತಳ್ಳಿ, ನೀರು ಹೊಡೆದು, ಒರೆಸಿ, ಹಲ್ಲುಗಳಿಗೂ ಎಣ್ಣೆ ಸವರಿಡಬೇಕು. ಕೊನೆಗೆ, ಯೂರಿಯಾಕ್ಕೆ ಸರಿಹೊಂದಿದ ಬಾಗಿಲಿನ ಅಂಕಿ, ಸಾಲಿನ ಅಂತರ ಮತ್ತು ಏರೇಟರ್‌ಗೆ ಹೇರಿದ ಭಾರವನ್ನು ಆಯಾ ಉಪಕರಣದ ಮೇಲೆಯೇ ಬಣ್ಣದಿಂದ ಬರೆದಿಡಬೇಕು. ಗೊಬ್ಬರ ಬದಲಾದರೆ ಕಾಳಿನ ಗಾತ್ರವೂ ತೂಕವೂ ಬೇರೆಯಾಗುವುದರಿಂದ ಅಂಕಿಯನ್ನು ಹೊಸದಾಗಿ ಅಳೆದು, ಅದನ್ನೂ ಪಕ್ಕದಲ್ಲಿ ಬರೆಯಬೇಕು.